ಮಲಗಿದವರ ಹಾಡು

ಆ ಬೇಸಿಗೆಯಲ್ಲಿ ನಾನು ಪಿಟೀಲು ಕಲಿಯಲು ಹೋದದ್ದು ಸಂಗೀತದ ಆಸೆಯಿಂದಲ್ಲ, ಜೀಪಿನ ಆಸೆಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದೇವರ ಮುಂದೆ ಎಷ್ಟೋ ಸಲ ಹೇಳಿಕೊಂಡದ್ದನ್ನು ಓದುವವರ ಮುಂದೆ ಮುಚ್ಚಿಡುವುದೇಕೆ?

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ನಮ್ಮ ಯಜಮಾನರು ಕೊಡ್ಲಿಪೇಟೆಯಿಂದ ನಾಲ್ಕೈದು ಮೈಲಿ ಒಳಗಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಹಾಕುವುದು, ದೊರೆ ಕೇಳಿದ ಕಾಗದ ತೆಗೆದುಕೊಡುವುದು ಅವರ ಕೆಲಸ. ಆಳುಗಳ ಸಾಲುಮನೆಗಳ ಲೈನು ದಾಟಿ ಸ್ವಲ್ಪ ಮೇಲೆ ನಮಗೊಂದು ಹೆಂಚಿನ ಮನೆ ಕೊಟ್ಟಿದ್ದರು. ಅದರ ಮೇಲೆ ದಿಣ್ಣೆಯಲ್ಲಿ ದೊರೆಯ ಬಂಗಲೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ನನಗೆ ತಾಯಿ ಇರಲಿಲ್ಲ. ತವರು ಎನ್ನುವುದು ಹಾಸನದ ಕಡೆ ಅಣ್ಣನ ಮನೆ, ಅಲ್ಲಿಗೆ ಹೋಗಿ ಬಾಣಂತನ ಮಾಡಿಸಿಕೊಳ್ಳುವ ಹಾಗಿರಲಿಲ್ಲ.

ಅದಕ್ಕೆ ಎರಡು ವರ್ಷ ಹಿಂದೆ ನನ್ನ ಮೊದಲ ಮಗು ಹೋಗಿತ್ತು. ಮಳೆಗಾಲ. ನನ್ನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಎರಡು ಬಿದಿರು ಕಟ್ಟಿ, ಲೈನಿನ ನಾಲ್ಕು ಜನ ಬಸ್ಸಿನ ರಸ್ತೆಗೆ ಹೊತ್ತರು. ಬಸ್ಸು ಬರಲಿಲ್ಲ. ಮಗು ಅಡ್ಡ ತಿರುಗಿತ್ತು. ಆಮೇಲೆ ಸೋಮವಾರಪೇಟೆಯ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಯಜಮಾನರನ್ನು ನಿಲ್ಲಿಸಿ ಹೇಳಿದರು: "ಇನ್ನೊಂದು ಸಲ ಈಕೆ ಬಸುರಾದರೆ ನೋವು ಕಾಣಿಸಿದ ಕೂಡಲೇ ಇಲ್ಲಿರಬೇಕು. ಎರಡು ಗಂಟೆ, ಮೂರು ಗಂಟೆ, ಅಷ್ಟೇ. ಕುರ್ಚಿಯಲ್ಲಿ ಹೊತ್ತು ತರೋದಲ್ಲ." ಆವತ್ತು ನಾನು ಬದುಕಿದ್ದೇ ಒಂದು ಪುಣ್ಯ ಎಂದು ಅತ್ತೆ ಈಶ್ವರನಿಗೆ ಎಣ್ಣೆ ಒಪ್ಪಿಸಿದರು. ನಾನೂ ಕೈ ಮುಗಿದೆ.

ಮತ್ತೆ ಬಸುರಾದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಸುತ್ತಮುತ್ತ ನಾಲ್ಕು ಮೈಲಿಯಲ್ಲಿ ಚಕ್ರದ ಮೇಲೆ ಓಡುವ ವಸ್ತು ಬಂಗಲೆಯ ಜೀಪು ಮಾತ್ರ.

ಆ ವರ್ಷ ಹೂ ಮಳೆ ಬಿದ್ದು ಕಾಫಿ ಹೂ ಉದುರಿದ ಮೇಲೆ ಯಜಮಾನರು ಊಟಕ್ಕೆ ಕೂತಾಗ ಒಂದು ಸುದ್ದಿ ಹೇಳಿದರು. ದೊರೆಸಾನಿ ಒಂದು ತಿಂಗಳ ಮಟ್ಟಿಗೆ ಸಮ್ಮರ್ ಸ್ಕೂಲ್ ಮಾಡುತ್ತಾರಂತೆ. ತಮ್ಮ ದೇಶದ ಹಾಡುಗಳನ್ನು ಪಿಟೀಲಿನಲ್ಲಿ ಕಲಿಸುತ್ತಾರಂತೆ. ಖಾಲಿಯಾದ ಕಾಫಿ ಗೋಡೌನಿನಲ್ಲಿ ಬೆಂಚು ಹಾಕಿಸುತ್ತಿದ್ದಾರೆ. ಕಲಿಯಲು ಜನ ಸಾಲದು, ಪಿಟೀಲು ಗೊತ್ತಿರುವವರು ಯಾರಾದರೂ ಇದ್ದಾರಾ ಎಂದು ಆಫೀಸಿಗೇ ಬಂದು ಕೇಳಿದರಂತೆ.

"ನೀವೇನಂದ್ರಿ?" ಎಂದೆ.

"ಏನನ್ನಲಿ? ನಿಮ್ಮಪ್ಪ ಹರಿಕಥೆಗೆ ಪಿಟೀಲು ನುಡಿಸ್ತಿದ್ದರು, ನಿನಗೂ ಒಂದಿಷ್ಟು ಬರುತ್ತೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ."

ಅತ್ತೆ ಒಲೆಯ ಮುಂದಿನಿಂದಲೇ ತಿರುಗಿದರು. "ಲೇ ಮಗ, ಆರು ತಿಂಗಳ ಬಸ್ರಿನ ಪಿಟೀಲು ಕುಯ್ಯಕ್ಕೆ ಕಳಿಸ್ತೀಯಾ? ಲೈನಿನೋರು ನಗಲ್ವೇನ್ಲಾ?"

ನಾನು ಮೆಲ್ಲಗೆ ಹೇಳಿದೆ. "ಅತ್ತೆಮ್ಮ, ದೊರೆಸಾನಿ ಹತ್ರ ಹೋಗಿ ಬಂದು ಬಳಕೆ ಆದ್ರೆ ಹೆರಿಗೆ ಹೊತ್ಗೆ ಜೀಪು ಕೇಳಬಹುದು."

ಅತ್ತೆ ಸೌದೆಯನ್ನು ಒಲೆಯೊಳಗೆ ತಳ್ಳಿದರು. "ಜೀಪ್ ಕೊಡ್ತಾಳಾ? ಹಂಗಾದ್ರೆ ಹೋಗವ್ವ. ಪಿಟೀಲೇನು, ಡೊಳ್ಳು ಕೊಟ್ರೂ ಬಡಿ."

ಬಂಗಲೆಯ ಹಿಂದಿನ ಜಗುಲಿಯಲ್ಲಿ ದೊರೆಸಾನಿಯನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಐವತ್ತು ದಾಟಿದ ಹೆಂಗಸು, ಬೂಟು, ಗಂಡಸರ ಹಾಗೆ ದೊಡ್ಡ ಹೆಜ್ಜೆ, ಮುಖದ ತುಂಬ ಕಂದು ಚುಕ್ಕೆ. ಆಳುಗಳಿಂದ ಕಲಿತ ಕನ್ನಡ, ಅದರಲ್ಲಿ ಅರ್ಧ ತಮಿಳು. ಎಲ್ಲರಿಗೂ ನೀನು ಎನ್ನುವುದೇ.

"ನೀ ಪಿಟೀಲು ಬರುತ್ತಾ?"

"ಸ್ವಲ್ಪ ಬರುತ್ತೆ ಅಮ್ಮಾವ್ರೆ."

"ಸ್ವಲ್ಪ ಒಳ್ಳೇದು. ಪೂರಾ ಬಂದವರು ಹೇಳಿದ್ದು ಕೇಳಲ್ಲ." ಹೀಗೆಂದು ಜೋರಾಗಿ ನಕ್ಕರು. ಆಮೇಲೆ ನನ್ನ ಹೊಟ್ಟೆ ನೋಡಿ, "ಇದು ಯಾವಾಗ?" ಎಂದರು.

ಆಷಾಢದಲ್ಲಿ ಎಂದರೆ ಅವರಿಗೆ ತಿಳಿಯಲಿಲ್ಲ. ಜೋರು ಮಳೆಯಲ್ಲಿ ಎಂದೆ. ನಾಚಿಕೆ ಬಿಟ್ಟು ಮೊದಲ ಮಗುವಿನ ಕಥೆಯನ್ನೂ ಹೇಳಿದೆ. ಕುರ್ಚಿಯ ಮಾತು ಬಂದಾಗ ಅವರ ನಗು ಹೋಯಿತು.

"ಜೀಪ್ ಇದೆ. ಯಾವ ಗಂಟೆ ಆದರೂ ಬಾ. ನಾನೇ ಓಡಿಸ್ತೀನಿ," ಎಂದು ಎದೆ ಮುಟ್ಟಿಕೊಂಡರು.

ಮನೆಗೆ ಬಂದು ದೇವರ ಗೂಡಿನ ಮುಂದೆ ಕೂತು ಕಣ್ಣೀರು ಹಾಕಿದೆ. ಇನ್ನೇನು ಬೇಕಿತ್ತು ನನಗೆ?

ಸ್ಕೂಲಿನಲ್ಲಿ ಏಳು ಜನರಿದ್ದೆವು. ಪಕ್ಕದ ಎಸ್ಟೇಟುಗಳ ನಾಲ್ವರು ಹುಡುಗಿಯರು, ರಜೆಗೆ ಬಂದವರು. ನಮ್ಮ ಎಸ್ಟೇಟಿನಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ಕಾಂಡಕ್ಟರರ ತಂಗಿ. ಕೊಡ್ಲಿಪೇಟೆ ಶಾಲೆಯ ಟೀಚರಮ್ಮ, ಅವರು ಮಂಗಳೂರಿನ ಕಡೆಯವರು, ಇಗರ್ಜಿಯಲ್ಲಿ ಪಿಟೀಲು ನುಡಿಸಿ ಅಭ್ಯಾಸವಿತ್ತು. ಮತ್ತೆ ನಾನು. ಟೀಚರಮ್ಮನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದುದರಿಂದ ಅವರ ಪಕ್ಕದಲ್ಲೇ ನನ್ನ ಜಾಗ. ಗೋಡೌನಿನಲ್ಲಿ ಇನ್ನೂ ಕಾಫಿ ಸಿಪ್ಪೆಯ ಹುಳಿ ವಾಸನೆ. ಲೈನಿನವರು ನಮ್ಮ ಸ್ಕೂಲಿಗೆ 'ಪಿಟೀಲಿಸ್ಕೂಲು' ಎಂದು ಹೆಸರಿಟ್ಟು, ಕಾಫಿ ಗಿಡದ ರೆಂಬೆ ಸವರುವ ಕಸಿ ಕೆಲಸ ಮುಗಿಸಿ ಹೋಗುವಾಗ ಬಾಗಿಲಲ್ಲಿ ಇಣುಕುತ್ತಿದ್ದರು.

ಮೊದಲ ದಿನವೇ ನನ್ನ ಕಷ್ಟ ಗೊತ್ತಾಯಿತು. ಅಪ್ಪ ಕಲಿಸಿದ್ದು ನೆಲದಲ್ಲಿ ಚಕ್ಕಳಮಕ್ಕಳ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಇಟ್ಟು ನುಡಿಸುವುದು. ಹೊಟ್ಟೆ ಅಡ್ಡ ಬಂದು ಬಗ್ಗಲಾಗಲಿಲ್ಲ. ದೊರೆಸಾನಿ ನನ್ನನ್ನು ಕೈ ಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ಪಿಟೀಲನ್ನು ನನ್ನ ಎಡಗತ್ತಿನ ಕೆಳಗೆ ಒತ್ತಿ ಇಟ್ಟರು. "ನಮ್ಮ ಊರು ಹೀಗೆ. ಬೇಬಿಗೆ ಜಾಗ ಇದೆ."

ಅವರು ಕಲಿಸುವ ಕ್ರಮವೇ ಬೇರೆ. ಬರೆಯುವುದು ಎಂಬುದೇ ಇಲ್ಲ. ಅವರು ಒಂದು ಚೂರು ನುಡಿಸುತ್ತಿದ್ದರು, ನಾವು ಪಿಟೀಲು ಮಡಿಲಲ್ಲಿಟ್ಟು ಕೇಳಬೇಕು. ಮತ್ತೆ ಅದೇ ಚೂರು. ಮೂರನೆಯ ಸಲಕ್ಕೆ ನಾವು. ಹಾಡು ಎಷ್ಟು ಉದ್ದವಿದ್ದರೂ ಹೀಗೇ, ತುತ್ತು ತುತ್ತಾಗಿ. ಟೀಚರಮ್ಮ ಗುಟ್ಟಾಗಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದುದನ್ನು ಕಂಡು ಬುಕ್ಕನ್ನು ಕಿತ್ತುಕೊಂಡರು. "ಬುಕ್ ಮರೀತದೆ. ಕಿವಿ ಮರೆಯಲ್ಲ."

"ಎಂತ ಹೆಂಗಸು ಮಾರಾಯ್ತಿ ಇದು," ಎಂದು ಟೀಚರಮ್ಮ ನನ್ನ ಕಿವಿಯಲ್ಲಿ ಗೊಣಗಿದರು. "ನನ್ನ ಶಾಲೆಯಲ್ಲಿ ಬರೀಲಿಲ್ಲ ಅಂತ ಮಕ್ಕಳಿಗೆ ನಾನು ಬೈಯೋದು, ಇಲ್ಲಿ ಬರೆದೆ ಅಂತ ನನಗೆ ಬೈಗುಳ!"

ಒಮ್ಮೆ ಕಾಂಡಕ್ಟರರ ತಂಗಿ, "ಇಂಗ್ಲಿಷ್ ಪಾಟ್ಟು ಚೆನ್ನಾಗಿದೆ ಅಮ್ಮಾವ್ರೆ," ಎಂದಳು. ದೊರೆಸಾನಿಯ ಮುಖ ಕೆಂಪಾಯಿತು.

"ಇಂಗ್ಲಿಷ್ ಇಲ್ಲ! ಐರಿಶ್. ನೀ ಮಲಯಾಳಿ ತಾನೆ? ನಿನ್ನ ನಾನು ಪಂಜಾಬಿ ಅಂತ ಕರೀಲಾ?"

ಅವಳು ಹೆದರಿಕೊಂಡಳು. ದೊರೆಸಾನಿ ಕೂಡಲೇ ನಕ್ಕು, ಬೂಟಿನಿಂದ ನೆಲ ಕುಟ್ಟುತ್ತ ಒಂದು ಕುಣಿತದ ಹಾಡು ಹಿಡಿದರು. ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ, ಮುಗಿಯಿತು ಎನ್ನುವಾಗ ಮತ್ತೆ ತಲೆಯಿಂದ. ಅಂಥ ಹಾಡು ಬಂದಾಗಲೆಲ್ಲ ಹೊಟ್ಟೆಯಲ್ಲಿ ಮಗು ಒದೆಯುತ್ತಿತ್ತು. ಟೀಚರಮ್ಮ ನನ್ನ ಸೆರಗು ಅಲ್ಲಾಡುವುದನ್ನು ನೋಡಿ, "ನಿಂದು ಹುಟ್ಟುವಾಗಲೇ ಪಿಟೀಲು ಹಿಡ್ಕೊಂಡು ಬರ್ತದೆ ಕಾಣ್ತದೆ," ಎನ್ನುತ್ತಿದ್ದರು. ಸುಳ್ಳು ಹೇಳಬಾರದು, ಆ ತಿಂಗಳು ನಾನು ಸಂತೋಷವಾಗಿದ್ದೆ. ಜೀಪನ್ನು ಮರೆತ ದಿನಗಳೂ ಇದ್ದವು.

ಎರಡನೆಯ ವಾರದಲ್ಲಿ ದೊರೆಸಾನಿ ಒಂದು ನಿಧಾನದ ಹಾಡು ತೆಗೆದರು. ಅದಕ್ಕೆ ಕಾಲು ಕುಟ್ಟಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದರು. ಮೇಲಿಂದ ಇಳಿದು ಬಂದು, ಕೆಳಗೆ ಒಂದು ಸ್ವರವನ್ನು ಹಿಡಿದು ಅಲ್ಲೇ ನಿಲ್ಲುವ ಹಾಡು. ನನ್ನ ಕೈಗೆ ಅದು ಒಂದೇ ದಿನದಲ್ಲಿ ಬಂತು. ಉಳಿದವರಿಗೆ ಬರಲಿಲ್ಲ. ಅಪ್ಪ ಕಲಿಸಿದ ಬಾಗು, ಜಾರು ಅದಕ್ಕೆ ಒಪ್ಪುತ್ತಿತ್ತು ಎಂದು ಕಾಣುತ್ತದೆ. ದೊರೆಸಾನಿ ಕಣ್ಣು ತೆರೆದು ನನ್ನನ್ನೇ ನೋಡಿದರು.

"ಇದು ನೀನು. ಕೊನೆ ದಿನ ಇದು ನೀನು ನುಡಿಸು," ಎಂದರು.

"ಇದು ಏನು ಹಾಡು ಅಮ್ಮಾವ್ರೆ?"

ಅವರು ಕನ್ನಡದ ಮಾತಿಗೆ ತಡಕಾಡಿದರು. "ಹೆಂಗಸರು ಹಾಡೋದು. ಸುತ್ತ ಕೂತು. ಮಲಗಿದವರಿಗೆ." ಹೇಳುತ್ತ, ಕೂತಲ್ಲೇ ಮೈಯನ್ನು ಹಿಂದಕ್ಕೆ ಮುಂದಕ್ಕೆ ತೂಗಿ ತೋರಿಸಿದರು. "ಹೀಗೆ, ಹೀಗೆ. ನನ್ನ ತಾಯಿ ಹಾಡೋದು."

ನನಗೆ ಇನ್ನೇನು ತಿಳಿಯಬೇಕು? ತಾಯಿ ಹಾಡುವುದು, ಮಲಗಿದವರಿಗೆ, ತೂಗುತ್ತ. ಜೋಗುಳ. ಆವತ್ತು ಟೀಚರಮ್ಮ ಜ್ವರ ಎಂದು ಬಂದಿರಲಿಲ್ಲ. ಕೇಳಿದ್ದರೆ ಅವರು ಇಂಗ್ಲಿಷಿನಲ್ಲಿ ವಿಚಾರಿಸಿ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಕೇಳುವಂಥದ್ದು ಏನಾದರೂ ಇದೆ ಎಂದೇ ಅನಿಸಲಿಲ್ಲ.

ಪಿಟೀಲನ್ನು ಮನೆಗೆ ಒಯ್ಯಲು ದೊರೆಸಾನಿ ಒಪ್ಪಿದ್ದರು. ದಿನಾ ಸಂಜೆ ದೀಪ ಹಚ್ಚಿ ಕೈ ಮುಗಿದ ಮೇಲೆ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಆ ಹಾಡನ್ನೇ ನುಡಿಸುತ್ತಿದ್ದೆ, ಹೊಟ್ಟೆಯ ಮಗುವಿಗೆ. ಕುಣಿತದ ಹಾಡಿಗೆ ಒದೆಯುವ ಮಗು ಇದಕ್ಕೆ ಸುಮ್ಮನಾಗುತ್ತಿತ್ತು. ಕೈಯಿಟ್ಟು ನೋಡಿದರೆ ಅಲುಗಾಟವೇ ಇಲ್ಲ. "ನೋಡಿ ಅತ್ತೆಮ್ಮ, ನಿದ್ದೆ ಹೋಯ್ತು," ಎನ್ನುತ್ತಿದ್ದೆ. ಅತ್ತೆ ಅಕ್ಕಿ ಆರಿಸುತ್ತ ಆ ರಾಗಕ್ಕೆ ತಮ್ಮದೇ ಮಾತು ಹಾಕಿಕೊಂಡು, 'ಅಳಬ್ಯಾಡ ನನ್ನ ಜೇನೇ, ಅಳಬ್ಯಾಡ' ಎಂದು ಮೂಗಿನಲ್ಲೇ ಗುನುಗುತ್ತಿದ್ದರು. ಪರದೇಶದ ಜೋಗುಳ ನಮ್ಮ ಮನೆಗೆ ಬಂತಲ್ಲ ಎಂದು ಅವರಿಗೆ ಹೆಮ್ಮೆ. ನೀರು ತರುವ ಹೆಂಗಸರ ಮುಂದೆಯೂ ಹೇಳಿಕೊಂಡರು.

ಕೊನೆಯ ದಿನ ಗೋಡೌನಿಗೆ ಬಿಳಿ ಬಟ್ಟೆ ಕಟ್ಟಿ, ಕುರ್ಚಿ ಹಾಕಿದ್ದರು. ಸುತ್ತಿನ ಎಸ್ಟೇಟುಗಳ ದೊರೆಗಳು, ಪ್ಲಾಂಟರುಗಳು, ಅವರ ಮನೆಯವರು ಬಂದಿದ್ದರು. ಕೊಡಗಿನ ಆ ತುದಿಯ ಬಿಟ್ಟಂಗಾಲದಿಂದಲೂ ಒಂದು ಕಾರು ಬಂದಿತ್ತು. ಯಜಮಾನರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದರು, ಹೆಂಡತಿ ದೊರೆಗಳ ಮುಂದೆ ನುಡಿಸುತ್ತಾಳೆಂದು. ಅವರು ಅಷ್ಟು ನೇರವಾಗಿ ನಿಂತದ್ದನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ.

ಹುಡುಗಿಯರ ಕುಣಿತದ ಹಾಡುಗಳು ಮುಗಿದವು. ನನ್ನ ಸರದಿ. ಕುರ್ಚಿಯಲ್ಲಿ ಕೂತು ಪಿಟೀಲು ಎತ್ತಿ ಇಟ್ಟುಕೊಂಡೆ. ಏಳು ತಿಂಗಳು ತುಂಬಿತ್ತು. ದೊರೆಸಾನಿ ಎದ್ದು ನಿಂತು ಇಂಗ್ಲಿಷಿನಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. ದನಿ ಎರಡು ಸಲ ಒಡೆಯಿತು. ಬಂದ ಹೆಂಗಸರಲ್ಲಿ ಒಬ್ಬಿಬ್ಬರು ಕರವಸ್ತ್ರ ತೆಗೆದರು.

ಜೋಗುಳಕ್ಕೆ ಅಳುವುದೇಕೆ? ಬೆನ್ನ ಹಿಂದೆ ಕೂತಿದ್ದ ಟೀಚರಮ್ಮನನ್ನು ಮೆಲ್ಲಗೆ ಕೇಳಿದೆ, "ಏನಂತೆ?"

"ಅವರ ತಾಯಿ ತೀರಿಕೊಂಡಾಗ ಇವರಿಗೆ ಊರಿಗೆ ಹೋಗ್ಲಿಕ್ಕೆ ಆಗ್ಲಿಲ್ವಂತೆ, ಪಾಪ. ಅದಕ್ಕೇ ಇವತ್ತು ಇದನ್ನು ನುಡಿಸೋದಂತೆ. ಅವರ ಊರಲ್ಲಿ ಹೆಣದ ಸುತ್ತ ಹೆಂಗಸರು ಕೂತು, ಹೀಗೆ ತೂಗಿ ತೂಗಿ ಹೇಳ್ತಾರಂತೆ. ಸತ್ತವರಿಗೆ ಹೇಳುವ ಹಾಡು."

ನನ್ನ ಕೈಯಲ್ಲಿ ಕಮಾನು ಇತ್ತು. ಕಮಾನು ತಂತಿಯ ಮೇಲೆ ಇತ್ತು. ಇಪ್ಪತ್ತು ದಿನ, ದೀಪ ಹಚ್ಚಿದ ಮೇಲೆ, ದೇವರ ಮುಂದೆ, ನನ್ನ ಮಗುವಿಗೆ ನಾನು ನುಡಿಸಿದ್ದು ಹೆಣದ ಹಾಡು. ಮಗು ಸುಮ್ಮನಾಗುತ್ತಿದ್ದುದು ನೆನಪಾಯಿತು. ನಮ್ಮಲ್ಲಿ ಸಾವಿಲ್ಲದ ಮನೆಯಲ್ಲಿ ಹಾಡಿಕೊಂಡು ಅಳುವಂತಿಲ್ಲ. ಚಿಕ್ಕ ಮಕ್ಕಳು ಆಟಕ್ಕೆ ಹಾಗೆ ಅತ್ತರೂ ದೊಡ್ಡವರು ಬಾಯಿಗೆ ಹೊಡೆಯುತ್ತಾರೆ.

ಪಿಟೀಲನ್ನು ಕುರ್ಚಿಯ ಮೇಲೆ ಇಟ್ಟೆ. ಎದ್ದೆ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಅಷ್ಟು ಜನರ ಮುಂದೆ, ದೊರೆಸಾನಿಯ ಮುಖ ನೋಡದೆ, ಬಾಗಿಲಿನಲ್ಲಿದ್ದ ಯಜಮಾನರನ್ನು ದಾಟಿ ಹೊರಗೆ ನಡೆದೆ. ಓಡಿದೆ ಎಂದೇ ಹೇಳಬೇಕು. ಹಿಂದೆ ಒಂದು ಕುರ್ಚಿ ಬಿದ್ದ ಸದ್ದು ಕೇಳಿತು. ತಿರುಗಲಿಲ್ಲ.

ಯಜಮಾನರು ಮನೆಗೆ ಬಂದಾಗ ಕೋಟನ್ನು ಮಡಿಸಿ ತೋಳಿಗೆ ಹಾಕಿಕೊಂಡಿದ್ದರು.

"ಸತ್ತ ತಾಯಿ ಹೆಸರಲ್ಲಿ ಮಾಡಿದ್ದಂತೆ ಕಣೇ. ಎಲ್ಲರ ಎದುರಿಗೆ ಹಂಗೆ ಎದ್ದು ಬಂದೆಯಲ್ಲ. ನಾಳೆ ದೊರೆ ಮುಂದೆ ನಾನು ಹೇಗೆ ನಿಲ್ಲಲಿ?"

"ನಿಮ್ಮ ಮಗೀಗೆ ಹೆಣದ ಹಾಡು ನುಡಿಸ್ಲಾ?" ಎಂದೆ.

ಅವರು ಕೋಟನ್ನು ಗೂಟಕ್ಕೆ ತೂಗುಹಾಕಿದರು. "ಇನ್ನು ಜೀಪು ಕೇಳೋ ಮುಖ ಎಲ್ಲಿದೆ ನಮಗೆ?" ಎಂದರು.

ಅತ್ತೆ ಆವತ್ತು ಊಟ ಮಾಡಲಿಲ್ಲ. ಗುನುಗಿದವರು ಅವರೂ ತಾನೆ? ಮರುದಿನ ನಡುಮನೆಗೆ ಗಂಜಲ ಚಿಮುಕಿಸಿ ಸಾರಿಸಿದರು. ಒಂಬತ್ತು ಸೋಮವಾರದ ಉಪವಾಸಕ್ಕೆ ಹರಕೆ ಹೊತ್ತರು. ನನ್ನ ಕೈಯಲ್ಲಿ ತುಪ್ಪದ ದೀಪ ಹಚ್ಚಿಸಿದರು. ನಾನು ದೇವರ ಮುಂದೆ ಕೂತು ಒಂದೇ ಮಾತು ಹೇಳುತ್ತಿದ್ದೆ: ಗೊತ್ತಿಲ್ಲದೆ ಮಾಡಿದೆ, ಗೊತ್ತಿಲ್ಲದೆ ಮಾಡಿದೆ.

ನಾಲ್ಕನೆಯ ದಿನ ಬಂಗಲೆಯ ಬಟ್ಲರ್ ಅದೇ ಪಿಟೀಲಿನ ಪೆಟ್ಟಿಗೆ ಹಿಡಿದು ಬಂದ. "ಅಮ್ಮಾವ್ರು ಕಳಿಸಿದ್ದಾರೆ. ರೈಟರಮ್ಮ ಮನೇಲೇ ಇಟ್ಟುಕೊಳ್ಳಲಿ ಅಂದ್ರು," ಎಂದ.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಬ್ಯಾಡ ಕಣಪ್ಪ. ಆ ಪೆಟ್ಗೆ ಹೊಸ್ಲು ದಾಟೋದು ಬ್ಯಾಡ. ಎತ್ಕಂಡು ಹೋಗು."

ನಾನು ಒಳಗಿನ ಕೋಣೆಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡೆ. ಎದ್ದು ಬಂದು ಎರಡು ಮಾತಾಡಬಹುದಿತ್ತು. ಅಮ್ಮಾವ್ರಿಗೆ ಹೀಗೆ ಹೀಗಾಯಿತು ಎಂದು ಹೇಳು, ತಪ್ಪು ತಿಳಿಯಬೇಡಿ ಎಂದು ಹೇಳು. ಬಟ್ಲರನ ಚಪ್ಪಲಿಯ ಸದ್ದು ದಿಣ್ಣೆ ಹತ್ತಿ ಹೋಗುವ ತನಕ ಕೂತೇ ಇದ್ದೆ. ಆಮೇಲೆ ಒಂದೆರಡು ಸಲ ತಲೆ ಬಾಚಿ, ಸೀರೆ ಬದಲಿಸಿ ಬಂಗಲೆಗೆ ಹೊರಟದ್ದುಂಟು. ಅಂಗಳದ ತುದಿಗೆ ಬಂದಾಗ ಆ ರಾಗ ತಲೆಯಲ್ಲಿ ಏಳುತ್ತಿತ್ತು. ತಿರುಗಿ ಒಳಗೆ ಬರುತ್ತಿದ್ದೆ.

ಯಜಮಾನರು ಬೇರೆ ದಾರಿ ಹುಡುಕಿದರು. ಸೋಮವಾರಪೇಟೆಯಲ್ಲಿ ಅವರಿಗೆ ದೂರದ ಅಕ್ಕ ಒಬ್ಬರಿದ್ದರು. ದಿನ ಹತ್ತಿರ ಬರುವುದಕ್ಕೆ ಮೂರು ವಾರ ಮೊದಲೇ ಹೋಗಿ ಅವರ ಮನೆಯಲ್ಲಿ ಇರುವುದು ಎಂದಾಯಿತು. ಹಳೆ ಸೀರೆ ಹರಿದು ಮಡಿಸಿದೆವು, ಗಂಟು ಕಟ್ಟಿದೆವು. ಇದೂ ಒಂದು ಪುಣ್ಯ, ಇರಲು ಒಂದು ಮನೆ ಸಿಕ್ಕಿತು ಎಂದುಕೊಂಡೆ.

ಹೊರಡಬೇಕಾದ ದಿನಕ್ಕೆ ಇನ್ನೂ ಎಂಟು ದಿನ ಇತ್ತು. ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ನೋವು ಬಂತು.

ಮಳೆ ಸುರಿಯುತ್ತಿತ್ತು. ಅತ್ತೆ ನನ್ನ ಹೊಟ್ಟೆ ಮುಟ್ಟಿ ನೋಡಿ, ಮುಖ ಬಿಳಿಚಿ, ಮಗನನ್ನು ಕೂಗಿದರು. "ಮಗ, ಬಂಗ್ಲೆಗೆ ಓಡ್ಲಾ. ದೊರೆಸಾನಿ ಕಾಲ್ಗಾದ್ರೂ ಬೀಳು. ಜೀಪ್ ಈಸ್ಕೊಂಡು ಬಾ." ಪೆಟ್ಟಿಗೆಯನ್ನು ಹೊಸ್ತಿಲು ದಾಟಿಸದ ಅದೇ ಅತ್ತೆ.

ಯಜಮಾನರು ಕೊಡೆ ತೆಗೆದುಕೊಂಡು ನನ್ನ ಮುಂದೆ ಬಂದು ನಿಂತರು. "ಹೋಗಲೇನೇ?" ಎಂದರು. ನನ್ನನ್ನು ಯಾಕೆ ಕೇಳಿದರೋ. ಕೇಳದೆ ಹೋಗಿದ್ದರೆ!

"ಬೇಡ," ಎಂದೆ ನಾನು.

"ಅಮ್ಮಿ, ಹುಚ್ಚು ಹಿಡಿದದಾ ನಿಂಗೆ?" ಎಂದು ಅತ್ತೆ ಕೂಗಿದರು.

"ಬೇಡ ಅತ್ತೆಮ್ಮ. ಅವರ ಕೈ ಬೇಡ. ಆ ಹಾಡು ಅವರದ್ದು. ಮಗೀನ ಹತ್ರ ಅವರು ಬರೋದು ಬೇಡ."

ಅದು ನನ್ನ ಬಾಯಿಂದ ಬಂದ ಮಾತು. ಬೇರೆ ಯಾರದೂ ಅಲ್ಲ. ಹೆದರಿಕೆಯೋ, ದೇವರ ಭಯವೋ, ಅಷ್ಟು ಜನರ ಮುಂದೆ ಓಡಿಬಂದ ನಾಚಿಕೆಗೆ ಹೆದರಿಕೆಯ ಹೆಸರು ಕೊಟ್ಟೆನೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಯಜಮಾನರಿಗೂ ಬಂಗಲೆಯ ಮೆಟ್ಟಿಲು ಹತ್ತಲು ಮನಸ್ಸಿರಲಿಲ್ಲ ಎಂದು ತೋರುತ್ತದೆ. ನನ್ನ ಮಾತನ್ನು ಹಿಡಿದುಕೊಂಡು ಕೆಳಗಿನ ರಸ್ತೆಗೆ ಓಡಿದರು. ಬಸ್ಸಿರಲಿಲ್ಲ. ಮರದ ಲಾರಿಯೊಂದನ್ನು ಕೈಮುಗಿದು ನಿಲ್ಲಿಸಿ, ಅದರ ಡ್ರೈವರನ್ನು ಕರೆದುಕೊಂಡು ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ.

ಅಷ್ಟರಲ್ಲಿ ಮುಗಿದುಹೋಗಿತ್ತು. ಗಂಡು ಮಗು. ಅಡ್ಡ ಬಂದಿರಲಿಲ್ಲ, ಕಾಲು ಮುಂದಾಗಿ ಬಂದಿತ್ತು. ಅತ್ತೆ ಮತ್ತು ಲೈನಿನ ಒಬ್ಬ ಮುದುಕಿ ಕೈಲಾದದ್ದು ಮಾಡಿದರು. ಉಸಿರು ಬರಲಿಲ್ಲ. ಹಗಲು ಬೆಳಕಿನಲ್ಲಿ ಹುಟ್ಟಿತು, ಮುಖ ಪೂರ್ತಿ ನೋಡಿದೆ. ಮೊದಲನೆಯದರ ಮುಖ ನನಗೆ ತೋರಿಸಿರಲಿಲ್ಲ. ಇಷ್ಟನ್ನು ಪುಣ್ಯದ ಲೆಕ್ಕಕ್ಕೆ ಹಾಕಿಕೊಂಡೆ. ಲಾರಿಯವನು ತಲೆಯ ಟವಲು ತೆಗೆದು ಅಂಗಳದಲ್ಲಿ ನಿಂತಿದ್ದ. ಅವನು ಮಗುವನ್ನು ಮಣ್ಣು ಮಾಡುವ ತನಕ ಇದ್ದು ಹೋದನಂತೆ.

ಮೂರನೆಯ ದಿನ ಎದೆಯಲ್ಲಿ ಹಾಲು ಬಂತು. ಕುಡಿಯುವವರಿಲ್ಲದ ಹಾಲು ಕಲ್ಲಾಗಿ ಜ್ವರ ಏರಿತು. ಹಾಲು ಬತ್ತಲೆಂದು ಅತ್ತೆ ಎಲ್ಲಿಂದಲೋ ಮಲ್ಲಿಗೆ ಹೂ ತರಿಸಿ ಎದೆಗೆ ಕಟ್ಟಿ ಕೂತಿದ್ದರು. ಆಗ ಅಂಗಳದಲ್ಲಿ ಬೂಟಿನ ಸದ್ದು. ಮೊಣಕಾಲಿನ ತನಕ ಕೆಸರಾಗಿ ದೊರೆಸಾನಿ ಬಂದು ಬಾಗಿಲಲ್ಲಿ ನಿಂತರು. ಅವರ ಹಿಂದೆ ಟೀಚರಮ್ಮ. ಬಂಗಲೆಗೆ ಸುದ್ದಿ ಟೀಚರಮ್ಮನ ಮೂಲಕವೇ ಹೋಗಿತ್ತು. ಅತ್ತೆ ಎದ್ದು ಗೋಡೆಗೆ ಸರಿದರು, ತಡೆಯಲಿಲ್ಲ.

ದೊರೆಸಾನಿ ನನ್ನ ಚಾಪೆಯ ಪಕ್ಕ ನೆಲದಲ್ಲೇ ಕೂತರು. "ನೀ ಯಾಕೆ ಹೇಳಲಿಲ್ಲ?" ಎಂದರು. ನಾನು ಗೋಡೆಯ ಕಡೆ ತಿರುಗಿದೆ. "ಜೀಪ್ ಇತ್ತು. ಆ ದಿನ ಪೂರಾ ಜೀಪ್ ಶೆಡ್‌ನಲ್ಲೇ ಇತ್ತು. ನಾನು ಮನೇಲೇ ಇದ್ದೆ."

ಟೀಚರಮ್ಮ ಅಳುತ್ತ, ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿದರು. "ಅವರಿಗೆ ನಿನ್ನ ಮೇಲೆ ಕೋಪ ಬಂದೇ ಇರ್ಲಿಲ್ವಂತೆ ಮಾರಾಯ್ತಿ. ಆವತ್ತು ನೀನು ಹೊಟ್ಟೆ ಹಿಡ್ಕೊಂಡು ಓಡಿದ್ದು ನೋಡಿ ಹೊಟ್ಟೆನೋವು ಅಂತ ತಿಳ್ಕೊಂಡ್ರಂತೆ. ನಿನ್ನ ಹಿಂದೆಯೇ ಎದ್ದದ್ದಂತೆ, ಕುರ್ಚಿ ಬಿತ್ತಂತೆ. ನಿನ್ನ ಗಂಡ ಬಂದಿದ್ದಾನಲ್ಲ ಅಂತ ನಿಂತರಂತೆ. ಆಮೇಲೆ ಪಿಟೀಲು ವಾಪಸ್ಸು ಬಂತಲ್ಲ, ನಿಮ್ಮ ಮನೆಯವರಿಗೆ ತಾನು ಬರೋದು ಇಷ್ಟ ಇಲ್ಲ ಅಂದ್ಕೊಂಡ್ರಂತೆ." ನಾನು ಯಾಕೆ ಎದ್ದು ಓಡಿದೆ ಎಂದು ಟೀಚರಮ್ಮನಿಗೂ ಗೊತ್ತಿರಲಿಲ್ಲ. ಹೇಳಿದೆ. ಜೋಗುಳ ಎಂದುಕೊಂಡಿದ್ದೆ ಎಂದೆ. ಟೀಚರಮ್ಮ ಅದನ್ನು ಇಂಗ್ಲಿಷಿಗೆ ಮಾಡಿದಾಗ ದೊರೆಸಾನಿ ಬಾಯಿಗೆ ಕೈಯಿಟ್ಟುಕೊಂಡರು.

ಆಮೇಲೆ ನೀರು ಕೇಳಿದರು. ಸೂತಕದ ಮನೆ. ಅಕ್ಕಪಕ್ಕದವರು ಬಂದರೂ ಅಂಗಳದಲ್ಲಿ ನಿಂತು ಮಾತಾಡಿ ಹೋಗುತ್ತಿದ್ದರು, ಹನಿ ನೀರು ಮುಟ್ಟುತ್ತಿರಲಿಲ್ಲ. ಅತ್ತೆ ಏನು ಮಾಡುವುದೆಂದು ತಿಳಿಯದೆ ಚೊಂಬು ಹಿಡಿದು ನಿಂತರು. ದೊರೆಸಾನಿ ಅದನ್ನು ಈಸಿಕೊಂಡು ಎತ್ತಿ ಪೂರ್ತಿ ಕುಡಿದರು. ಆ ಮೂರು ದಿನದಲ್ಲಿ ಅತ್ತೆ ಅತ್ತದ್ದು ಆಗಲೇ.

ನನ್ನ ಹಣೆ ಮುಟ್ಟಿ ನೋಡಿ ದೊರೆಸಾನಿ ಎದ್ದರು. "ಜ್ವರ. ಆಸ್ಪತ್ರೆ. ಈಗ," ಎಂದರು. ಅವರೇ ಹೋಗಿ ಜೀಪು ತಂದು ಅಂಗಳದ ಕೆಳಗೆ ನಿಲ್ಲಿಸಿದರು. ಯಜಮಾನರು ನನ್ನನ್ನು ಎತ್ತಿಕೊಂಡು ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ದೊರೆಸಾನಿಯೇ ಓಡಿಸಿದರು. ಆವತ್ತು ಮಳೆ ಬಿಟ್ಟಿತ್ತು. ದಾರಿಯಲ್ಲಿ ಒಂದು ಮರವೂ ಬಿದ್ದಿರಲಿಲ್ಲ. ಹಿಂದಿನ ಸೀಟಿನಲ್ಲಿ ಯಜಮಾನರು ಕೂತಿದ್ದರು. ಗೇಟು ದಾಟಿದೆವು, ಬಸ್ಸಿನ ರಸ್ತೆಗೆ ಬಂದೆವು, ತಿರುವುಗಳು ಒಂದೊಂದಾಗಿ ಹಿಂದಕ್ಕೆ ಹೋದವು. ಇನ್ನೂ ಸಾಕಷ್ಟು ದೂರವಿದೆ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಜೀಪು ನಿಂತಿತು.

"ಬಂತು," ಎಂದರು ದೊರೆಸಾನಿ.

ಹೊರಟು ಒಂದು ಗಂಟೆ ಕೂಡ ಆಗಿರಲಿಲ್ಲ. ಲೇಡಿ ಡಾಕ್ಟರು ನನ್ನನ್ನು ಗುರುತು ಹಿಡಿದು, ಮೊದಲು ನನ್ನ ಮಡಿಲನ್ನು ನೋಡಿದರು, ಆಮೇಲೆ ಮುಖವನ್ನು.